ಚುಕ್ಕಿ ಮರಳಿ ಕಾಯಕಕ್ಕೆ ಬಂದ ಬಗೆ

ಕಾಯಕವೆಂಬುದು ಮನುಷ್ಯರಿಗೆ ಮಾತ್ರ ಸಲ್ಲುವ ಮಾತೆಂದು ನಾವು ಬಹುಕಾಲ ತಿಳಿದುಕೊಂಡಿದ್ದೆವು. ಮಠದ ಪಾಠಶಾಲೆಯಲ್ಲಿ ಕಲಿಯುವಾಗಲೂ, ಅನಂತರ ಊರೂರುಗಳಲ್ಲಿ ಪ್ರವಚನ ಮಾಡುವಾಗಲೂ ಕಾಯಕ ತತ್ತ್ವವನ್ನು ಬೇಕಾದಷ್ಟು ವಿವರಿಸಿದ್ದೇವೆ. ಆದರೆ ಎತ್ತು, ಕತ್ತೆ, ಕುದುರೆಗಳ ದುಡಿಮೆಯನ್ನು ಆ ವಿವರಣೆಯೊಳಗೆ ಸೇರಿಸಿದ ನೆನಪಿಲ್ಲ. ಅರವತ್ತು ದಾಟಿದ ಮೇಲೆ, ನಮ್ಮ ಹಿತ್ತಲಲ್ಲಿ ಕಟ್ಟಿದ್ದ ಒಂದು ಪುಟ್ಟ ತಟ್ಟು ಮತ್ತು ಆರು ವರ್ಷದ ಮೊಮ್ಮಗಳು ಕೂಡಿ ನಮಗೆ ಆ ಪಾಠವನ್ನು ಹೇಳಿದರು. ಆ ಸಂಗತಿಯನ್ನು ಶರಣ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆವು. ಅದರಲ್ಲಿ ನಮ್ಮ ತಪ್ಪುಗಳೂ ಇವೆ. ಅವನ್ನು ಬಿಟ್ಟು ಹೇಳಿದರೆ ಹೇಳುವುದಕ್ಕೆ ಹೆಚ್ಚೇನೂ ಉಳಿಯದು.

ನಮ್ಮದು ನಂದಿಗುಡಿ. ಹೆಸರೇ ಸಾರುವಂತೆ ಇದು ನಂದಿಯ ಊರು. ಹರಿಹರ ತಾಲ್ಲೂಕಿನ ಈ ಸೀಮೆಗೆ ಭದ್ರಾ ನಾಲೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳು ಹಬ್ಬಿದವು. ಈಚಿನ ವರ್ಷಗಳಲ್ಲಿ ಎತ್ತಿನ ಜಾಗವನ್ನೂ ಟ್ರ್ಯಾಕ್ಟರು ಆಕ್ರಮಿಸಿತು. ಎತ್ತಿಗೇ ಎಡೆ ಕಡಿಮೆಯಾದ ಊರಿನಲ್ಲಿ ಕುದುರೆಗೆ ಏನು ಕೆಲಸ? ಆದರೂ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಗದ್ದೆ ಬಯಲಾದಾಗ, ನಮ್ಮ ಊರಿನ ಹಾದಿಯಲ್ಲಿ ಕುದುರೆಯ ಗೊರಸಿನ ಸದ್ದು ಕೇಳುತ್ತದೆ. ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಕೊಡುವುದು, ಅದಕ್ಕೆ ಪ್ರತಿಯಾಗಿ ಕಾಳುಕಡಿಯನ್ನೋ ಹಣವನ್ನೋ ಪಡೆಯುವುದು ಈ ನಾಡಿನ ಹಳೆಯ ಒಡಂಬಡಿಕೆ. ಅವರ ಸಂಸಾರವನ್ನೆಲ್ಲ ಹೊರುವುದು ತಟ್ಟುಗಳು. ಕಂಬಳಿ, ಗುಡಾರದ ಗಳ, ಅಡಿಗೆಯ ಪಾತ್ರೆ, ಕೋಳಿಯ ಬುಟ್ಟಿ, ಆಗತಾನೆ ಹುಟ್ಟಿದ ಮರಿಗಳು, ಒಮ್ಮೊಮ್ಮೆ ಆ ಎಲ್ಲದರ ಮೇಲೆ ಒಂದು ಕೂಸು. ಕುರಿಗಾರರ ಕುಲದೈವವಾದ ಮೈಲಾರಲಿಂಗನೂ ಕುದುರೆಯೇರಿದ ದೇವರು. ಹೊಳೆಯಾಚೆಯ ದೇವರಗುಡ್ಡದ ಜಾತ್ರೆಗೆ ಹೋದವರಿಗೆ ಇದು ಹೊಸ ಮಾತಲ್ಲ.

ಈ ದಖ್ಖಣದ ಸಣ್ಣ ಕುದುರೆಗಳನ್ನು ನಾಡಿನವರು ಬಹುಕಾಲ ಕೀಳಾಗಿ ಕಂಡರು. ಕಾಠಿಯಾವಾಡಿ, ಮಾರವಾಡಿ ಕುದುರೆಗಳಿಗಿದ್ದ ಹೆಸರು ಇವಕ್ಕೆ ಇರಲಿಲ್ಲ. ಭೀಮಾ ನದಿಯ ಕಣಿವೆಯಲ್ಲಿ ಮಹಾರಾಷ್ಟ್ರದ ಕುರಿಗಾರರು ಸಾಕಿಕೊಂಡು ಬಂದ ಭೀಮಥಡಿ ಎಂಬ ದಖ್ಖಣೀ ತಳಿಗೆ ಇತ್ತೀಚಿನ ವರ್ಷಗಳಲ್ಲಷ್ಟೇ ಸರ್ಕಾರಿ ಮನ್ನಣೆ ದೊರೆತು, ದೇಶದ ಕುದುರೆ ತಳಿಗಳ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಪಟ್ಟಿಗೆ ಸೇರುವ ಮೊದಲೂ ಅವು ದುಡಿಯುತ್ತಲೇ ಇದ್ದವು.

2022ರ ಜನವರಿಯಲ್ಲಿ ಹೀಗೆ ಬಂದ ಒಂದು ಹಿಂಡಿನೊಡನೆ ಕಂದು ಬಣ್ಣದ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಒಂದು ಹೆಣ್ಣು ತಟ್ಟು ಕುಂಟುತ್ತ ಬಂದಿತು. ಮುಂಗಾಲಿನ ಗೊರಸು ಸೀಳಿ ಕೀವು ತುಂಬಿತ್ತು, ಪಕ್ಕೆಯೆಲುಬು ಎಣಿಸಬಹುದಿತ್ತು. ಹಿಂಡು ಹೊರಟ ದಿನ ಅದು ಹೆಜ್ಜೆ ಕಿತ್ತಿಡಲಿಲ್ಲ. ಹಿರಿಯ ಕುರಿಗಾರ ನಮ್ಮ ಕಟ್ಟೆಗೆ ಬಂದು, "ಅಜ್ಜಾರ, ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಉಳಿದ್ರೆ ನಿಮ್ಮ ಪುಣ್ಯ, ಹೋದ್ರೆ ಅದರ ಋಣ" ಎಂದ. ಅವನ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಅದರ ಕಿವಿಯ ಹಿಂದೆ ಕೈಯಾಡಿಸಿ, ಹಿಂದಿರುಗಿ ನೋಡದೆ ಹೋದ. ತಟ್ಟು ಉಳಿಯಿತು. ಕುದುರೆಯ ಗೊರಸು ಮೇಲಿನ ಅಂಚಿನಿಂದ ಬೆಳೆದು ನೆಲ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಸೀಳು ಬೆಳೆದು ಕೆಳಗಿಳಿದು ಹೋಗುವವರೆಗೆ ಅದು ಹಿತ್ತಲಲ್ಲಿ ಸುಮ್ಮನೆ ನಿಂತಿತು. ಆಮೇಲೂ ಸುಮ್ಮನೆ ನಿಂತಿತು. ಮನೆಯವರೆಲ್ಲ ಅನುಕಂಪದಿಂದ ತಿನ್ನಿಸಿದರು. ಹಬ್ಬದ ಹೋಳಿಗೆಯೂ ಅದರ ಪಾಲಿಗೆ ಹೋಯಿತು. ಎರಡು ವರ್ಷ ತುಂಬುವಷ್ಟರಲ್ಲಿ ಕುತ್ತಿಗೆಯ ಮೇಲೆ ಕೊಬ್ಬಿನ ದಿಂಡು ಎದ್ದಿತು. ಮೊಮ್ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು.

ನಮ್ಮ ಮೊದಲ ತಪ್ಪು ನಡೆದದ್ದು 2023ರ ದೀಪಾವಳಿಯ ಪಾಡ್ಯದ ದಿನ. ದನಗಳನ್ನು ತೊಳೆದು ಸಿಂಗರಿಸಿದಂತೆ ಚುಕ್ಕಿಯನ್ನೂ ಸಿಂಗರಿಸಿದ್ದರು. ಮಗು "ಅಜ್ಜಾ, ನನ್ನನ್ನು ಕೂರಿಸು" ಎಂದಿತು. ಎರಡು ವರ್ಷ ಉಂಡು ಕೊಬ್ಬಿದ ಪ್ರಾಣಿಗೆ ಈ ಹೂವಿನಂಥ ಮಗು ಯಾವ ಭಾರವೆಂದುಕೊಂಡು, ಬೆನ್ನಿಗೆ ಕಂಬಳಿ ಹಾಕಿ, ಹಗ್ಗ ಬಿಗಿದು, ಮಗುವನ್ನು ಕೂರಿಸಿ ಊರ ಸುತ್ತ ನಡೆಸಿದೆವು. ಮಗು ಬಹಳ ನಕ್ಕಿತು. ಎರಡನೆಯ ಸುತ್ತಿಗೆ ಚುಕ್ಕಿಯ ಮೂಗಿನ ಹೊಳ್ಳೆ ಅರಳಿ, ಪಕ್ಕೆ ತಿದಿಯಂತೆ ಆಡತೊಡಗಿತು. ನಾವು ಅದನ್ನು ಹುರುಪೆಂದು ಭಾವಿಸಿದೆವು. ತಿರುವಿನಲ್ಲಿ ಒಂದು ಮೋಟಾರು ಸೈಕಲ್ಲು ಬಂದಾಗ ಅದು ಪಕ್ಕಕ್ಕೆ ಜಿಗಿಯಿತು. ಮಗು ಹುಲ್ಲಿನ ಬಣವೆಯ ಮೇಲೆ ಬಿದ್ದಿತು. ದೇವರು ಕಾದ. ಮರುದಿನ ನೋಡಿದರೆ ಹಗ್ಗ ಬಿಗಿದ ಕಡೆ ಚರ್ಮ ಕಿತ್ತು ಹೋಗಿತ್ತು, ಹಿಂಗಾಲುಗಳು ಸೆಟೆದಿದ್ದವು. ನಮ್ಮನ್ನು ನೋಡಿದೊಡನೆ ಚುಕ್ಕಿ ಮೂಲೆಗೆ ಸರಿದು ಬೆನ್ನು ತಿರುಗಿಸಿ ನಿಂತಿತು.

ಆ ಬೆನ್ನನ್ನು ನೋಡಿದಾಗ ಐವತ್ತು ವರ್ಷಗಳಿಗೂ ಹಿಂದಿನ ಇನ್ನೊಂದು ಬೆನ್ನು ನೆನಪಾಯಿತು. ನಾವು ಕಲಿಯುತ್ತಿದ್ದ ಮಠದಲ್ಲಿ ಹಳ್ಳಿಗಳಿಂದ ಕಂತಿಭಿಕ್ಷೆಯ ಜೋಳ ತರಲು ಒಂದು ತಟ್ಟು ಇತ್ತು. ಧಾನ್ಯ ಇಳಿಸಿದ ಮೇಲೆ ಅದಕ್ಕೆ ವಿಶ್ರಾಂತಿ ಎಂಬ ಕಟ್ಟಳೆಯಿತ್ತು. ನಾವು ಮೂರು ನಾಲ್ಕು ಹುಡುಗರು ಕಣ್ಣು ತಪ್ಪಿಸಿ, ಇಬ್ಬಿಬ್ಬರಾಗಿ ಹತ್ತಿ ಹಳ್ಳದವರೆಗೆ ಓಡಿಸುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅದರ ಮುಂಗಾಲಿನ ನರ ಹರಿಯಿತು. ಅದು ಮತ್ತೆ ಎಂದೂ ನೆಟ್ಟಗೆ ನಡೆಯಲಿಲ್ಲ. ಹಿರಿಯ ಶ್ರೀಗಳು ಯಾರು ಮಾಡಿದರೆಂದು ಕೇಳಲೂ ಇಲ್ಲ, ಬೈಯಲೂ ಇಲ್ಲ. ಪ್ರತಿದಿನ ಪೂಜೆ ಮುಗಿದ ಮೇಲೆ ತಾವೇ ಹುಲ್ಲಿನ ಹೊರೆ ತಂದು ಅದರ ಮುಂದೆ ಹಾಕುತ್ತಿದ್ದರು. ನಾವು ಹೊರೆಯನ್ನು ಇಸಿದುಕೊಳ್ಳಲು ಹೋದರೆ ಕೊಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ದಂಡನೆಯನ್ನು ನಾವು ಈ ಆಯುಷ್ಯದಲ್ಲಿ ಕಂಡಿಲ್ಲ. ಆದರೂ ಮರೆತಿದ್ದೆವು. ಪಾಡ್ಯದ ಮರುದಿನ ಮಗುವನ್ನು ಕರೆದು ಹೇಳಿದೆವು: "ಚುಕ್ಕಿಯ ಮೇಲೆ ನೀನು ಕೂರುವೆ. ಆದರೆ ನಾವು ಹೇಳಿದಾಗ ಅಲ್ಲ, ನೀನು ಕೇಳಿದಾಗ ಅಲ್ಲ, ಚುಕ್ಕಿ ಒಪ್ಪಿದಾಗ."

ಗ್ರಂಥ ಓದಿದವರಿಗೆ ಕಷ್ಟದಲ್ಲಿ ಮೊದಲು ನೆನಪಾಗುವುದು ಗ್ರಂಥವೇ. ಶಾಲಿಹೋತ್ರನ ಹೆಸರಿನಿಂದಲೇ ಉತ್ತರ ದೇಶದಲ್ಲಿ ಕುದುರೆ ವೈದ್ಯನಿಗೆ ಸಾಲೋತ್ರಿ ಎಂಬ ಹೆಸರು ಬಂದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಕುದುರೆಯ ವಿಚಾರ ವಿಸ್ತಾರವಾಗಿದೆ. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯವೂ, ಅಭಿನವಚಂದ್ರನ ಅಶ್ವವೈದ್ಯವೂ ಹುಟ್ಟಿದವು. ನಮ್ಮ ಪೂರ್ವಿಕರು ಮೂಕ ಪ್ರಾಣಿಗಳ ವೈದ್ಯವನ್ನು ಶಾಸ್ತ್ರವೆಂದು ಗೌರವಿಸಿದ್ದರೆಂಬ ಹೆಮ್ಮೆ ನಮಗಾಯಿತು. ಆದರೆ ಗ್ರಂಥವು ಚುಕ್ಕಿಯ ಕಾಲನ್ನು ಮುಟ್ಟಿ ನೋಡಲಾರದು. ಆದ್ದರಿಂದ ಪಶುವೈದ್ಯರನ್ನು ಬರಮಾಡಿಕೊಂಡೆವು.

ಬಂದವರು ಕಿರಿಯ ವಯಸ್ಸಿನ ವೈದ್ಯರು. ಚುಕ್ಕಿಯ ಬಾಯಿ ತೆರೆಸಿ, ದವಡೆಯ ಹಲ್ಲುಗಳ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತಿರುವುದನ್ನು ತೋರಿಸಿದರು. ಕುದುರೆಯ ಹಲ್ಲು ಬಹುಕಾಲ ಬೆಳೆಯುತ್ತಲೇ ಇರುವುದರಿಂದ ಆಗಾಗ ಅರದಿಂದ ಉಜ್ಜಿ ಸಮ ಮಾಡಬೇಕಂತೆ. ಹಲ್ಲಿನ ಸವೆತ ನೋಡಿ ವಯಸ್ಸು ಹತ್ತರ ಆಸುಪಾಸೆಂದರು. ಚೆನ್ನಾಗಿ ನೋಡಿಕೊಂಡ ತಟ್ಟು ಇಪ್ಪತ್ತೈದು ವರ್ಷ ಬಾಳುವುದು ಅಪರೂಪವಲ್ಲವೆಂದಾಗ ನಮಗೆ ಸಮಾಧಾನವಾಯಿತು. ಜಂತುಹುಳುವಿಗೆ ಔಷಧ, ಧನುರ್ವಾಯುವಿಗೆ ಲಸಿಕೆ ಕೊಟ್ಟರು. ಕುದುರೆಗಳಿಂದ ಮನುಷ್ಯರಿಗೂ ಹರಡಬಲ್ಲ ಗ್ಲಾಂಡರ್ಸ್ ಎಂಬ ರೋಗವುಂಟು. ಮಗುವಿರುವ ಮನೆಯಾದ್ದರಿಂದ ಅದರ ಪರೀಕ್ಷೆಗೆ ರಕ್ತ ತೆಗೆದರು. ಗೊರಸನ್ನು ಆರರಿಂದ ಎಂಟು ವಾರಗಳಿಗೊಮ್ಮೆ ಕತ್ತರಿಸಿ ಸಮ ಮಾಡಿಸಲೇಬೇಕೆಂದು ಕಟ್ಟಪ್ಪಣೆ ಮಾಡಿದರು. ಚುಕ್ಕಿ ವಿಶ್ರಾಂತಿಯಲ್ಲಿರುವಾಗ ಹೇಗಿರುತ್ತದೆಂಬುದನ್ನು ಮೊದಲು ಬರೆದಿಟ್ಟುಕೊಳ್ಳಿರೆಂದರು. ಸಾಮಾನ್ಯವಾಗಿ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಯ ಕಾವು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಹಿಡಿಯುವುದನ್ನು ನಮಗೂ ಮೊಮ್ಮಗಳಿಗೂ ಕಲಿಸಿದರು.

ಬಳಿಕ ಟೇಪು ತೆಗೆದು ಅಳೆದರು. ಎದೆಸುತ್ತನ್ನು ಅದರಿಂದಲೇ ಗುಣಿಸಿ, ಮೈಯ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಕಿಲೋಗ್ರಾಮಿನಲ್ಲಿ ಸುಮಾರಾಗಿ ಸಿಗುತ್ತದೆ, ಅಳತೆ ಸೆಂಟಿಮೀಟರಿನಲ್ಲಿರಬೇಕು. ಚುಕ್ಕಿಯ ಎದೆಸುತ್ತು 132, ಉದ್ದ 122. ತೂಕ 179 ಕಿಲೋ ಎಂದಾಯಿತು. ಕುದುರೆಯ ಮೇಲೆ ಕೂರುವ ಭಾರ ಅದರ ತೂಕದ ನೂರಕ್ಕೆ 15ರಿಂದ 20ರೊಳಗೆ ಇರಬೇಕೆಂಬುದು ಬಲ್ಲವರು ಹಿಡಿಯುವ ಲೆಕ್ಕ. ಅಂದರೆ ಚುಕ್ಕಿಗೆ 27ರಿಂದ 36 ಕಿಲೋ. ನಮ್ಮ ಮೊಮ್ಮಗಳ ತೂಕ 19, ಜೀನು 4, ಒಟ್ಟು 23. "ಭಾರದಿಂದ ಕೆಡಲಿಲ್ಲ, ಆತುರದಿಂದ ಕೆಟ್ಟಿತು" ಎಂದರು ವೈದ್ಯರು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1965ರಲ್ಲಿ ಮಾಡಿದ ನಿಯಮಗಳು ತಟ್ಟುವಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಕೂಡದೆನ್ನುತ್ತವೆ. ದಿನಕ್ಕೆ ಒಂಬತ್ತು ಗಂಟೆಗೆ ಮೀರಿ ದುಡಿಸಕೂಡದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಕೂಡದು. ಇವೆಲ್ಲ ನಿತ್ಯ ದುಡಿದು ಗಟ್ಟಿಯಾದ ಪ್ರಾಣಿಗೆ ಹಾಕಿದ ಮೇಲುಗೆರೆ. ಎರಡು ವರ್ಷ ಕೂತುಂಡ ಪ್ರಾಣಿಗೆ ಸೊನ್ನೆಯಿಂದಲೇ ಆರಂಭ.

ಮೊದಲು ಮೇವನ್ನು ತಿದ್ದಿದೆವು. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಹೊಟ್ಟೆಗೆ ಹೋದದ್ದು ಕೆಟ್ಟರೆ ನೋವು ಪ್ರಾಣಕ್ಕೇ ಬರುತ್ತದೆ. ಆದ್ದರಿಂದ ಮೇವನ್ನು ಒಂದೇ ದಿನ ಬದಲಿಸದೆ, ಒಂದು ವಾರ ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ಹೋಳಿಗೆ, ಬೆಲ್ಲ, ಅನ್ನ ನಿಂತವು. ಮನೆಯ ಹೆಣ್ಣುಮಕ್ಕಳಿಗೆ ಇದು ಕಠಿಣವಾಗಿ ತೋರಿತು. ಆದರೆ ಕೊಬ್ಬಿದ ತಟ್ಟುವಿನ ಗೊರಸಿನೊಳಗೆ ಉರಿಯೂತವೆದ್ದು ಅದು ಜೀವಮಾನವಿಡೀ ಕುಂಟುವುದುಂಟು. ಪ್ರೀತಿಯಿಂದ ಕೊಟ್ಟ ಹೋಳಿಗೆಯೇ ಕಾಲಿಗೆ ಮುಳುವಾಗುವುದೆಂದು ತಿಳಿದ ಮೇಲೆ ಯಾರೂ ಮಾತಾಡಲಿಲ್ಲ. ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು, ಅಂದರೆ ದಿನಕ್ಕೆ ಸುಮಾರು ಮೂರು ಕಿಲೋ, ಅದನ್ನೂ ಮೂರು ನಾಲ್ಕು ಸಲ ಹಂಚಿ. ಕಲ್ಲುಪ್ಪು, ಸದಾ ತಿಳಿನೀರು. ಕೆಲಸ ಹೆಚ್ಚಿದ ಮೇಲಷ್ಟೇ ಒಂದು ಹಿಡಿ ಬೇಯಿಸಿದ ಹುರುಳಿ.

ಇನ್ನು ನಡಿಗೆ. ಮೊದಲ ವಾರ ಹತ್ತು ನಿಮಿಷ, ಎರಡನೆಯ ವಾರ ಹದಿನೈದು, ಆರನೆಯ ವಾರಕ್ಕೆ ನಲವತ್ತು. ಬೆನ್ನ ಮೇಲೆ ಏನೂ ಇಲ್ಲ. ಹಗ್ಗ ಹಿಡಿದು ಜೊತೆಗೆ ನಡೆಯುವುದಷ್ಟೇ. ಉಸಿರು ಮತ್ತು ಮಾಂಸಖಂಡ ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತವೆ, ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳು ಬೇಕು. ಆದ್ದರಿಂದ ಪ್ರಾಣಿ ಹುರುಪಾಗಿ ಕಂಡಾಗಲೇ ಹೆಚ್ಚು ಎಚ್ಚರ ಬೇಕೆಂದು ವೈದ್ಯರು ಹೇಳಿದ್ದರು. ಮಠದ ತಟ್ಟುವಿನ ನರ ಏಕೆ ಹರಿಯಿತೆಂಬುದು ನಮಗೆ ಆಗ ತಿಳಿಯಿತು. ಮಂಡಿನೋವೆಂದು ನಾವೂ ನಡಿಗೆ ಬಿಟ್ಟು ವರ್ಷಗಳಾಗಿದ್ದವು. ಚಳಿಗಾಲದ ಮುಂಜಾವಿನಲ್ಲಿ ಹೊಳೆಯ ದಿಕ್ಕಿನ ಮಣ್ಣು ಹಾದಿಯಲ್ಲಿ ಇಬ್ಬರು ಮುದುಕರಂತೆ ನಾವೂ ಚುಕ್ಕಿಯೂ ನಿಂತು ನಿಂತು ನಡೆದೆವು. ಆ ವರ್ಷ ಮಳೆ ಕೈಕೊಟ್ಟಿತ್ತು. ಗದ್ದೆಯ ಬದುವಿನ ಮೇಲೆ ಹಸುರು ಕಡಿಮೆ. ಒಂದೊಂದು ಗರಿಕೆಗೂ ಚುಕ್ಕಿ ತಲೆ ಬಾಗಿಸುತ್ತಿತ್ತು, ನಾವು ಕಾಯುತ್ತಿದ್ದೆವು.

ಈ ಅವಧಿಯಲ್ಲಿ ಮೊಮ್ಮಗಳಿಗೆ ದೊರೆತದ್ದು ಸವಾರಿಯಲ್ಲ, ಸೇವೆ. ಶಾಲೆಯಿಂದ ಬಂದವಳು ಬಕೆಟ್ಟಿನ ನೀರು ಬದಲಿಸಬೇಕು. ದೊಡ್ಡವರು ಹಗ್ಗ ಹಿಡಿದಿರುವಾಗ ಮೈಯುಜ್ಜಬೇಕು. ಕುದುರೆಯ ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಸುತ್ತಲೂ ಕಂಡರೂ ಹಿಂಬದಿ ನೇರವಾಗಿ ಏನೂ ಕಾಣದು, ಮೂಗಿನ ತುದಿಯೂ ಕಾಣದು. ಆದ್ದರಿಂದ ಮಾತಾಡಿಸುತ್ತ, ಭುಜದ ಕಡೆಯಿಂದ ಬರಬೇಕು, ಹಿಂದೆ ಸುಳಿಯಕೂಡದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳಕೂಡದು. ಕಿವಿ ಹಿಂದಕ್ಕೆ ಚಪ್ಪಟೆಯಾದರೆ ಸಿಟ್ಟು, ಒಂದು ಕಿವಿ ನಿನ್ನ ಕಡೆ ತಿರುಗಿದರೆ ಅದು ನಿನ್ನ ಮಾತು ಕೇಳುತ್ತಿದೆ. ಮೊದಲ ವಾರ ಮಗು ಮುನಿಸಿಕೊಂಡಿತು. "ನಾನು ಯಾವಾಗ ಕೂರೋದು?" ಎಂದು ದಿನಕ್ಕೆ ಹತ್ತು ಸಲ ಕೇಳಿತು. ಒಂದು ತಿಂಗಳಾದ ಮೇಲೆ ಕೇಳುವುದನ್ನು ಮರೆಯಿತು. ಚುಕ್ಕಿ ಇಂದು ಎಷ್ಟು ನೀರು ಕುಡಿಯಿತು, ಲದ್ದಿ ಗಟ್ಟಿಯೋ ತೆಳುವೋ ಎಂಬುದನ್ನು ಊಟದ ಹೊತ್ತಿನಲ್ಲಿ ವರದಿ ಮಾಡಿ ತಾಯಿಯಿಂದ ಬೈಸಿಕೊಳ್ಳುವಂತಾಯಿತು.

2024ರ ಜನವರಿಯಲ್ಲಿ ಕುರಿಗಾರರು ಮತ್ತೆ ಬಂದರು. ಹಿರಿಯ ಕುರಿಗಾರ ಚುಕ್ಕಿಯನ್ನು ನೋಡಿ ಬಹಳ ಹೊತ್ತು ಏನೂ ಹೇಳಲಿಲ್ಲ. ಚುಕ್ಕಿ ಅವನ ಕಂಬಳಿಯ ವಾಸನೆ ಹಿಡಿದು ಸಣ್ಣಗೆ ಹೂಂಕರಿಸಿತು. ಅವನು ನಾಲ್ಕೂ ಕಾಲುಗಳನ್ನು ಕಣ್ಣುಮುಚ್ಚಿ ಸವರಿ, "ಕಾಲು ತಣ್ಣಗದಾವೆ, ಇನ್ನು ಭಾರ ಹಾಕಬಹುದು" ಎಂದ. ನಾವು ತಂದಿದ್ದ ಜೀನನ್ನು ನೋಡಿ ತಲೆಯಾಡಿಸಿದ: ಬೆನ್ನುಮೂಳೆಯ ಮೇಲೆ ಬೆಳಕು ಹಾಯಬೇಕು, ಭಾರ ಎರಡೂ ಪಕ್ಕೆಗೆ ಇಳಿಯಬೇಕು. ಅವನೇ ಕೂತು ಕಂಬಳಿಯ ಎರಡು ದಿಂಡು ಸುತ್ತಿ ಮಾದರಿ ತೋರಿಸಿದ. ಅದನ್ನು ನೋಡಿ ಚಮ್ಮಾರಿಕೆಯ ಕುಶಲಿಯೊಬ್ಬರು ಮೆತ್ತನೆಯ ಜೀನು ಹೊಲಿದುಕೊಟ್ಟರು. ಹೊರಡುವ ಮುನ್ನ ಕುರಿಗಾರ ಮಗುವಿಗೆ ಒಂದು ಗುಟ್ಟು ಹೇಳಿದ: "ಅವ್ವಾ, ನಡೆಯುವಾಗ ಅದರ ತಲೆ ಹೌದು ಹೌದು ಅಂದ್ರೆ, ಕಾಲು ಒಲ್ಲೆ ಒಲ್ಲೆ ಅನ್ನಾಕತ್ತೈತಿ ಅಂತ ತಿಳ್ಕ." ಮುಂಗಾಲು ನೊಂದ ಕುದುರೆ ಆ ಕಾಲನ್ನು ಊರುವಾಗ ತಲೆ ಎತ್ತಿ, ಚೆನ್ನಾಗಿರುವ ಕಾಲಿಗೆ ತಲೆ ಇಳಿಸುತ್ತದೆ. ವೈದ್ಯರೂ ಇದನ್ನೇ ಹೇಳಿದ್ದರು. ಆದರೆ ಮಗುವಿನ ಮನಸ್ಸಿನಲ್ಲಿ ನಿಂತದ್ದು ಕುರಿಗಾರನ ಮಾತು.

ಅಲ್ಲಿಂದ ಮುಂದೆ ಜೀನು ಮಾತ್ರ. ಬಳಿಕ ಐದು ಕಿಲೋ ಮರಳಿನ ಚೀಲ, ಎರಡು ಪಕ್ಕೆಗೆ ಸಮ. ಬಳಿಕ ಹತ್ತು, ಹದಿನೈದು. ದಿಬ್ಬ ಹತ್ತಿಸಿ ಇಳಿಸಿದೆವು. ಸ್ವಲ್ಪ ದೂರ ಕುಕ್ಕುಲೋಟ ಓಡಿಸಿದೆವು. ಕೆಲಸ ನಿಂತ ಹತ್ತು ನಿಮಿಷದೊಳಗೆ ನಾಡಿ ಮೊದಲಿನ ಮಟ್ಟದ ಹತ್ತಿರಕ್ಕೆ ಇಳಿದರೆ ಆ ದಿನದ ಕೆಲಸ ಹಿತವಾಯಿತೆಂದು ಅರ್ಥ; ಇಳಿಯದಿದ್ದರೆ ಮರುದಿನ ಅರ್ಧಕ್ಕೆ ಇಳಿಸುವುದು. ಇದನ್ನು ಮೊಮ್ಮಗಳು ಒಂದು ನೋಟುಬುಕ್ಕಿನಲ್ಲಿ ಓರೆಕೋರೆ ಅಂಕೆಗಳಲ್ಲಿ ಬರೆದಳು. ಕಿವಿಯ ಅಭ್ಯಾಸವೂ ನಡೆಯಿತು. ಅಮಾವಾಸ್ಯೆಯಂದು ಉಕ್ಕಡಗಾತ್ರಿಯ ಅಜ್ಜಯ್ಯನ ದರ್ಶನಕ್ಕೆ ಹೋಗುವ ವಾಹನಗಳಿಂದ ಈ ಭಾಗದ ರಸ್ತೆಗಳು ತುಂಬುತ್ತವೆ. ಅಂಥ ದಿನ ದೂರದ ಬದುವಿನ ಮೇಲೆ ಚುಕ್ಕಿಯನ್ನು ನಿಲ್ಲಿಸಿ ಮೇಯಿಸಿದೆವು. ಪ್ರತಿಸಲ ನಾಲ್ಕು ಮಾರು ಹತ್ತಿರ. ದೀಪಾವಳಿಯಲ್ಲಿ ಒಂದು ಮೋಟಾರು ಸೈಕಲ್ಲಿಗೆ ಜಿಗಿದ ಪ್ರಾಣಿ ಶಿವರಾತ್ರಿಯ ಹೊತ್ತಿಗೆ ಟ್ರ್ಯಾಕ್ಟರಿಗೆ ಬರಿಯ ಕಿವಿ ತಿರುಗಿಸಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೊಮ್ಮಗಳು ಚುಕ್ಕಿಯ ಮೇಲೆ ಕುಳಿತಳು. ಮುಹೂರ್ತ ನೋಡಲಿಲ್ಲವೇ ಎಂದು ನೆರೆಯವರು ಕೇಳಿದರು. ಚುಕ್ಕಿಯ ನಾಡಿ ನೋಡಿದ್ದೇವೆ ಎಂದೆವು. ತಲೆಗೆ ಬೆಂಗಳೂರಿನಿಂದ ತರಿಸಿದ ಸವಾರಿಯ ಹೆಲ್ಮೆಟ್ಟು, ಕಾಲಿಗೆ ಹಿಮ್ಮಡಿಯಿರುವ ಬೂಟು. ಬರಿಗಾಲು ರಿಕಾಪಿನಲ್ಲಿ ಸಿಕ್ಕಿಕೊಂಡು ಮಕ್ಕಳು ಎಳೆದೊಯ್ಯಲ್ಪಟ್ಟ ಅನಾಹುತಗಳಿವೆ. ನಾವು ರಿಕಾಪನ್ನೇ ಬಿಟ್ಟೆವು. ಒಬ್ಬರು ಹಗ್ಗ ಹಿಡಿದರು, ಇನ್ನೊಬ್ಬರು ಪಕ್ಕದಲ್ಲಿ ನಡೆದರು. ಹತ್ತೇ ನಿಮಿಷ. ಮಗು ದೀಪಾವಳಿಯಂದು ನಕ್ಕಂತೆ ನಗಲಿಲ್ಲ. ಚುಕ್ಕಿಯ ಜೂಲಿನಲ್ಲಿ ಬೆರಳಿಟ್ಟು ಗಂಭೀರವಾಗಿ ಕುಳಿತಿತ್ತು. ಇಳಿದ ಮೇಲೆ ಮಾಡಿದ ಮೊದಲ ಕೆಲಸ, ದವಡೆಯ ಕೆಳಗೆ ಬೆರಳಿಟ್ಟು ಎಣಿಸಿದ್ದು.

ಕಥೆಯನ್ನು ಇಲ್ಲಿಗೇ ಮುಗಿಸಿದ್ದರೆ ನಮ್ಮ ಹಿರಿತನಕ್ಕೆ ಶೋಭೆಯಿತ್ತು. ಆದರೆ ಮುಖ್ಯವಾದುದು ಇನ್ನೂ ಇದೆ. 2024ರ ಮೇ 10ರಂದು ಬಸವ ಜಯಂತಿ. ಬೆಂಗಳೂರಿನ ಬಸವೇಶ್ವರ ವೃತ್ತದಲ್ಲಿಯೂ, ನಾಡಿನ ಅನೇಕ ಊರುಗಳ ಚೌಕಗಳಲ್ಲಿಯೂ ಅಶ್ವಾರೂಢ ಬಸವಣ್ಣನವರ ಪ್ರತಿಮೆಯನ್ನು ನಾವೆಲ್ಲ ಕಂಡಿದ್ದೇವೆ. ಊರ ಯುವಕರು ಬಂದು, ಮೆರವಣಿಗೆಯಲ್ಲಿ ಮೊಮ್ಮಗಳಿಗೆ ಬಸವಣ್ಣನವರ ವೇಷ ಹಾಕಿ ಚುಕ್ಕಿಯ ಮೇಲೆ ಕೂರಿಸೋಣವೆಂದರು. ಹೆಣ್ಣುಮಗುವಿಗೆ ಆ ವೇಷವೇ ಎಂದು ಯಾರೋ ಅಂದರು. ಅಣ್ಣನವರ ಹಬ್ಬದಲ್ಲಿ ಆ ಮಾತು ಬೇಡವೆಂದು ನಾವು ಒಪ್ಪಿದೆವು. ನಿಜ ಹೇಳುವುದಾದರೆ ನಮ್ಮ ಎದೆ ಉಬ್ಬಿತ್ತು. ಬಂಧುಗಳೆಲ್ಲ ಬಂದಿದ್ದರು. ಮಗು ಹೆಲ್ಮೆಟ್ಟಿಲ್ಲದೆ ಹತ್ತಲೊಲ್ಲೆನೆಂದದ್ದರಿಂದ ತಾಯಿ ಅದರ ಮೇಲೆಯೇ ರೇಷ್ಮೆಯ ರುಮಾಲು ಸುತ್ತಿದಳು.

ಎಂಟು ಗಂಟೆಗೆ ಹೊರಡಬೇಕಾದ ಮೆರವಣಿಗೆ ಹತ್ತೂವರೆಯಾದರೂ ಹೊರಡಲಿಲ್ಲ. ಬಿಸಿಲು ಏರಿತು. ಹೊರಟು ಇಪ್ಪತ್ತು ಹೆಜ್ಜೆ ನಡೆದಿರಬಹುದು; ಮಗು ಮೇಲಿನಿಂದ ಬಾಗಿ, "ಅಜ್ಜಾ, ಚುಕ್ಕಿ ಹೌದು ಹೌದು ಅಂತಿದೆ" ಎಂದಿತು. ನಾವು ನೋಡಿದೆವು. ತಲೆ ತೀರ ಸ್ವಲ್ಪವೇ ಏರಿ ಇಳಿಯುತ್ತಿತ್ತು. ಸುತ್ತಲೂ ಡೊಳ್ಳು, ಜಯಘೋಷ, ಫೋಟೋ ತೆಗೆಯುವ ಕೈಗಳು. ಆಗ ನಮ್ಮ ಬಾಯಿಂದ ಬಂದ ಮಾತನ್ನು ಮುಚ್ಚಿಡುವುದಿಲ್ಲ: "ಏನಿಲ್ಲ ಮಗಳೇ, ಗುಡಿಯವರೆಗೆ ಹೋಗಿಬಿಡೋಣ." ಮಗು ನಮ್ಮ ಮುಖವನ್ನೊಮ್ಮೆ ನೋಡಿತು. ಬಳಿಕ ಎರಡೂ ಕೈ ನಮ್ಮ ಹೆಗಲಿಗೆ ಚಾಚಿ, "ಇಳಿಸು" ಎಂದಿತು.

ಇಳಿಸಿದೆವು. ಮಗುವಿನ ತಂದೆ ಚುಕ್ಕಿಯ ಕಾಲೆತ್ತಿ ನೋಡಿದ. ಗೊರಸಿನ ಸಂದಿನಲ್ಲಿ ಚೂಪಾದ ಒಂದು ಜಲ್ಲಿಚೂರು. ಗುಡಿಯವರೆಗೆ ನಡೆಸಿದ್ದರೆ ಅದು ಒಳಗೆ ಹೊಕ್ಕು ಮತ್ತೆ ಕೀವಾಗಿ, ಎರಡು ವರ್ಷ ಹಿಂದಿನ ಸ್ಥಿತಿಗೇ ಮರಳುತ್ತಿತ್ತು. ಚುಕ್ಕಿಯನ್ನು ನೆರಳಿನ ಹಾದಿಯಲ್ಲಿ ಮೆಲ್ಲನೆ ಮನೆಗೆ ಕಳಿಸಿದೆವು. ಜನ ಒಂದು ಕ್ಷಣ ಪೆಚ್ಚಾದರು. ಬಸವಣ್ಣನವರ ವೇಷದ ಮಗು ಮಾತ್ರ ಸರಿದುಹೋಗುತ್ತಿದ್ದ ರುಮಾಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನಮ್ಮ ಕೈಯಲ್ಲಿಟ್ಟು, ಎಲ್ಲರ ಜೊತೆ ನಡೆದೇ ಬಂದಿತು. ಗುಂಪಿನಲ್ಲಿದ್ದ ವೃದ್ಧೆಯೊಬ್ಬರು ಕೈಮುಗಿದು, "ಅಣ್ಣ ಕುದುರೆ ಇಳಿದ" ಎಂದರು. ಬಿಜ್ಜಳನ ಭಂಡಾರವನ್ನೂ ಮಂತ್ರಿಪದವಿಯನ್ನೂ ಬಿಟ್ಟು ಕಲ್ಯಾಣದಿಂದ ನಡೆದು ಬಂದವರ ಚರಿತ್ರೆಯನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಹೇಳಿಲ್ಲ! ಆ ದಿನ ಅದನ್ನು ನಾವು ಕೇಳುವವರ ಸಾಲಿನಲ್ಲಿ ನಿಂತು ಕೇಳಿದಂತಾಯಿತು.

ಒಂದು ವಾರ ಬಿಸಿ ಉಪ್ಪುನೀರಿನ ಶಾಖ, ಮತ್ತೊಂದು ವಾರ ವಿಶ್ರಾಂತಿ. ಬಳಿಕ ಮತ್ತೆ ಹತ್ತು ನಿಮಿಷದ ನಡಿಗೆಯಿಂದ ಆರಂಭ. ಈ ಸಲ ಯಾರಿಗೂ ಬೇಸರವಾಗಲಿಲ್ಲ. ಈಗ ಚುಕ್ಕಿ ಬಿಸಿಲು ಏರುವ ಮುನ್ನ ಅರ್ಧ ಗಂಟೆ ಮಗುವನ್ನು ಹೊರುತ್ತದೆ, ಸಂಜೆ ಒಂದು ಹೊರೆ ಹುಲ್ಲು ತರುತ್ತದೆ. ಕೊಬ್ಬು ಕರಗಿದೆ, ಹಗ್ಗ ತೆಗೆದುಕೊಂಡರೆ ಮೂಲೆಗೆ ಸರಿಯುವುದಿಲ್ಲ, ಬಾಗಿಲಿಗೆ ಬರುತ್ತದೆ. ಮಗು ಬೆಳೆಯುತ್ತಿದೆ, ಇನ್ನು ಕೆಲವು ವರ್ಷಗಳಲ್ಲಿ ಅವಳ ತೂಕ ಚುಕ್ಕಿಯ ಲೆಕ್ಕವನ್ನು ಮೀರುತ್ತದೆ. ಅದನ್ನು ಅವಳೇ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ: "27 ಆದರೆ ಅಮ್ಮನಿಗೆ ಹೇಳುವುದು. ಆಮೇಲೆ ತಮ್ಮ ಕೂರುತ್ತಾನೆ."

ಶರಣ ಬಂಧುಗಳೆ, ನಮ್ಮ ಮನೆಗಳಲ್ಲಿ ಕುದುರೆಗಳಿಲ್ಲದಿರಬಹುದು. ಆದರೆ ನಿಂತು ಮತ್ತೆ ನಡೆಯಬೇಕಾದವರು ಇದ್ದಾರೆ. ಜ್ವರದಿಂದೆದ್ದು ಶಾಲೆಗೆ ಹೊರಟ ಮಕ್ಕಳು, ಬಾಣಂತನ ಮುಗಿಸಿದ ಸೊಸೆಯಂದಿರು, ಪೆಟ್ಟು ತಿಂದು ಮೂಲೆ ಹಿಡಿದ ಹಿರಿಯರು. ಅವರು ಹುರುಪಾಗಿ ಕಂಡ ದಿನವೇ ಪೂರ್ತಿ ಭಾರ ಹೇರುವುದು ನಮ್ಮ ರೂಢಿ. ಇಲ್ಲವೇ ಹೋಳಿಗೆ ತಿನ್ನಿಸಿ ಕಟ್ಟಿಹಾಕುವುದು. ಎರಡೂ ಒಂದೇ ಬಗೆಯ ಮರೆವು. ಕಾಯಕ ಎಲ್ಲ ಜೀವಿಗೂ ಬೇಕು; ಆದರೆ ಅದರ ಅಳತೆ ಮಾಡಿಸುವವನ ಆಸೆಯಲ್ಲಿಲ್ಲ, ಮಾಡುವ ಜೀವದ ನಾಡಿಯಲ್ಲಿದೆ. ಅಣ್ಣನವರು ದಯೆಯನ್ನು ಧರ್ಮದ ಮುಂದೆ ನಿಲ್ಲಿಸಿದ್ದು ಸುಮ್ಮನಲ್ಲ. ಮೆರವಣಿಗೆ ತಡವಾದರೂ ಚಿಂತೆಯಿಲ್ಲ, ತಲೆಯಾಡಿಸುವುದನ್ನು ನೋಡುವ ಕಣ್ಣು ನಮ್ಮ ಮನೆಗಳಲ್ಲಿ ಇರಲಿ. ಶರಣು ಶರಣಾರ್ಥಿ.